ಡೆಲ್ಟಿಕ್ ಹೊಗೆ ಬಿಟ್ಟರೆ ಗಾಬರಿ ಬೇಡ

ಬ್ರಿಟನ್ನಿನ ಹೆರಿಟೇಜ್ ರೈಲ್ವೆಯಲ್ಲಿ (ಹಳೆಯ ರೈಲುಗಳನ್ನು ಉಳಿಸಿ ಓಡಿಸುವ ಮಾರ್ಗ) ಡೆಲ್ಟಿಕ್ ಎಂಬ ಹಳೆಯ ಡೀಸೆಲ್ ಲೋಕೋ ಬರುತ್ತದೆ ಅಂದರೆ, ಓಟಕ್ಕಿಂತ ಅದು ನಿಂತಲ್ಲಿಂದ ಹೊರಡುವುದನ್ನು ನೋಡಿ. ಒಳಗೆ ನೇಪಿಯರ್ ಕಂಪನಿಯ ಎರಡು ಎಂಜಿನ್, ತಲಾ 1,650 ಅಶ್ವಶಕ್ತಿ. ಒಂದೊಂದರಲ್ಲೂ 18 ಸಿಲಿಂಡರ್, ಪಿಸ್ಟನ್ ಮಾತ್ರ 36! ಪ್ರತಿ ಸಿಲಿಂಡರಿನಲ್ಲೂ ಎರಡು ಪಿಸ್ಟನ್ ಎದುರುಬದುರು. ತ್ರಿಕೋನದ ಮೂರು ಮೂಲೆಗೆ, ಪಿಸ್ಟನ್ ಓಡಾಟವನ್ನು ತಿರುಗುವಿಕೆಯಾಗಿಸುವ ಮೂರು ಕ್ರ್ಯಾಂಕ್‌ಶಾಫ್ಟ್. ಸಿಲಿಂಡರಿನ ಬಾಯಿ ಮುಚ್ಚುವ ಹೆಡ್ಡೇ ಇಲ್ಲ.

ಇದು ಟೂ-ಸ್ಟ್ರೋಕ್. ಐಡಲ್‌ನಲ್ಲಿ (ಲೋಕೋ ಓಡದೆ ಎಂಜಿನ್ ಮಾತ್ರ ಚಾಲೂ) ಬಹಳ ಹೊತ್ತು ನಿಂತರೆ ಸುಡದ ಎಣ್ಣೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ಡ್ರಮ್ಮಿನಲ್ಲಿ ಸೇರಿಕೊಳ್ಳುತ್ತದೆ. ಥ್ರಾಟಲ್ ತೆರೆದಾಗ ಅದು ಬಿಸಿಯಾಗಿ, ಪ್ಲಾಟ್‌ಫಾರ್ಮ್ ಮುಚ್ಚುವಷ್ಟು ಹೊಗೆ. ಎಂಜಿನ್ ಕೆಟ್ಟಿಲ್ಲ. ಚೆನ್ನಾಗಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಮಟ್ಟವೂ ಇಳಿಯುತ್ತಿದ್ದರೆ ಲೈನರ್ (ಸಿಲಿಂಡರಿನ ಒಳಗೋಡೆ) ಸೋರಿಕೆ ಅಂತ ಅನುಮಾನಪಡಬೇಕು. ಅದು ದುಬಾರಿ ಕೆಲಸ, ಬಿಡಿಭಾಗಗಳೂ ಅಪರೂಪ.

1961-62ರಲ್ಲಿ ಬ್ರಿಟಿಷ್ ರೈಲ್ವೇಸ್‌ಗೆ ಬಂದದ್ದು 22. ಲಂಡನ್-ಎಡಿನ್‌ಬರೋ ದಾರಿಯಲ್ಲಿ ಗಂಟೆಗೆ 100 ಮೈಲಿ ಓಡುತ್ತಿದ್ದವು. ಉಳಿದದ್ದು ಆರು, ಜೊತೆಗೆ ತಿಳಿನೀಲಿ ಬಣ್ಣದ ಮೂಲ ಮಾದರಿ. ಹೆರಿಟೇಜ್ ಹಳಿಗಳಲ್ಲಿ ಸಾಮಾನ್ಯವಾಗಿ ವೇಗದ ಮಿತಿ ಗಂಟೆಗೆ 25 ಮೈಲಿ. ರೇಸಿನ ಕುದುರೆಯನ್ನು ಜಟಕಾಗೆ ಕಟ್ಟಿದ ಹಾಗೆ ಅನ್ನಿಸುತ್ತದೆ, ನಿಜ. ಆದರೂ ಏರು ಹಳಿಯಲ್ಲಿ ನಿಲ್ದಾಣ ಬಿಡುವಾಗ ಎರಡೂ ಎಂಜಿನ್ ಒಟ್ಟಿಗೆ ಗುಂಯ್‌ಗುಟ್ಟುವುದು ಕೇಳಬೇಕಾದರೆ ಲೋಕೋಗೆ ಹತ್ತಿರದ ಬೋಗಿಯಲ್ಲೇ ಕೂರಿ, ಕಿಟಕಿ ತೆರೆದಿರಲಿ.