ಹಳೇ ಫೋಟೋದಾಗ ಮಂದಿ ಹಿಂದಿನ ಗ್ವಾಡಿ ನೋಡ್ರಿ

ಮದುವಿ ಫೋಟೋ ಸಿಕ್ಕರ ಎಲ್ಲಾರ ಕಣ್ಣು ಮದುಮಕ್ಕಳ ಮ್ಯಾಲೆ. ಊರಿನ ಇತಿಹಾಸ ಇರೂದು ಅವರ ಬೆನ್ನ ಹಿಂದ: ಈಗಿಲ್ಲದ ಅಗಸಿ, ಕುಸಿದ ಹುಡೇವು, ಮಣ್ಣಿನ ಮಾಳಿಗಿ, ಕಬ್ಬಿಣದ ಹಳಿ ಹಾಕಿದ ಚಕ್ಕಡಿ ಗಾಲಿ.

ತಾರೀಖು ಇಲ್ಲಂದ್ರ ಬೋರ್ಡು ಓದ್ರಿ. ‘ಮೈಸೂರು ರಾಜ್ಯ’ ಅಂತಿದ್ರ ಆ ಬೋರ್ಡು ಬರದದ್ದು 1973ರ ನವೆಂಬರ್ 1ಕ್ಕಿಂತ ಮೊದಲ. ರೋಣ, ಹಾನಗಲ್ಲಿಗೆ ‘ಜಿ. ಧಾರವಾಡ’ ಅಂತಿದ್ರ 1997ರ ಮೊದಲಿಂದು; ಆ ವರ್ಷ ಧಾರವಾಡ ಒಡದು ರೋಣ ಗದಗ ಜಿಲ್ಲಾಕ್ಕ, ಹಾನಗಲ್ಲ ಹಾವೇರಿ ಜಿಲ್ಲಾಕ್ಕ ಹೋದ್ವು. ಆದ್ರ ಬೋರ್ಡು ಹಳೇದಂದ್ರ ಫೋಟೋನೂ ಹಳೇದು ಅನ್ನಾಕ ಬರೂದಿಲ್ಲ. ಬೋರ್ಡು ಬದಲಿಸಾಕ ನಮ್ಮ ಕಡೆ ಯಾರಿಗೂ ಅವಸರಿಲ್ಲ. ‘ಜಿ. ಗದಗ’ ಅಂತಿದ್ರ ಮಾತ್ರ ಖಾತ್ರಿ, 1997ಕ್ಕಿಂತ ಹಿಂದ ಹೋಗೂದಿಲ್ಲ.

ಕಟ್ಟಿನ ಗಾಜಿಗೆ ಅಂಟಿದ ಫೋಟೋ ಜಗ್ಗಬ್ಯಾಡ್ರಿ. ಮಳಿಗಾಲದ ತೇವಕ್ಕ ಫೋಟೋದ ಮ್ಯಾಲಿನ ಜೆಲಟಿನ್ ಪದರು ಮೆತ್ತಗಾಗಿ ಗಾಜು ಹಿಡದಿರತೈತಿ. ಜಗ್ಗಿದ್ರ ಮುಖಾನೇ ಗಾಜಿನ ಕೂಡ ಬರತೈತಿ. ಗಾಜಿನ ಸಮೇತ ಸ್ಕ್ಯಾನ್ ಮಾಡ್ರಿ. ಹಸಿ ಅರಿವಿಲೆ ಒರಸೂದಂತೂ ಬ್ಯಾಡೇ ಬ್ಯಾಡ, ಮೆತ್ತನ್ನ ಒಣ ಬ್ರಶ್ ಸಾಕು.

ಸ್ಕ್ಯಾನ್ ಮಾಡೂದು ಪೋಸ್ಟ್‌ಕಾರ್ಡ್ ಅಳತಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೂ ಲೆಕ್ಕ), ಪಾಸ್‌ಪೋರ್ಟ್ ಅಳತಿಗೆ 1200. ಕಪ್ಪು-ಬಿಳುಪು ಇದ್ರೂ ಕಲರ್‌ದಾಗ ಮಾಡ್ರಿ, ಕಲಿ ಯಾವುದು ಅಕ್ಷರ ಯಾವುದು ಗೊತ್ತಾಗತೈತಿ. ಹಿಂಬದಿನೂ ಬಿಡಬ್ಯಾಡ್ರಿ, ಸ್ಟುಡಿಯೋದ ಶಿಕ್ಕಾ ಅಲ್ಲೇ ಇರತೈತಿ. ಹೆಸರು ಬರಿಯೂದು ಮೆತ್ತನ್ನ ಪೆನ್ಸಿಲ್‌ಲೆ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖಕ್ಕ ಮೂಡತೈತಿ.

ವಾಟ್ಸಪ್‌ನ್ಯಾಗ ಕಳಸೂದಿದ್ರ ‘ಡಾಕ್ಯುಮೆಂಟ್’ ಅಂತ ಕಳಸ್ರಿ. ಇಲ್ಲಾಂದ್ರ ಬೋರ್ಡಿನ ಸಣ್ಣ ಅಕ್ಷರ ಎಲ್ಲಾ ಕಲಸಿ ಹೋಗತಾವ.