ಸದ್ದು ಮಾಡುವ ಸೈಲೆನ್ಸರ್

ನನ್ನ ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹೋದ ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದಾಗ, ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟಿದ್ದ ಸ್ಟೀಲ್ ಕೊಳವೆಗಳನ್ನು ಕಂಡು, "ಏನಪ್ಪಾ ಇದು?" ಎಂದು ಕೇಳಿದರು.

"ಸೈಲೆನ್ಸರ್ ಅಪ್ಪ. ಹಳೆಯದನ್ನು ಬಿಚ್ಚಿ ಇದನ್ನು ಹಾಕಿದರೆ ಸದ್ದು ಗಟ್ಟಿಯಾಗಿ ಬರುತ್ತದೆ."

"ಸದ್ದು ಬರಲಿ ಎಂದು ಸೈಲೆನ್ಸರಿಗೆ ದುಡ್ಡು ಕೊಟ್ಟೆಯಾ?"

ಉತ್ತರ ಹೊಳೆಯಲಿಲ್ಲ. ನನ್ನದು 2018ರ ಫೋರ್ಡ್ ಮಸ್ಟ್ಯಾಂಗ್ ಜಿಟಿ. 5 ಲೀಟರಿನ ವಿ8 ಎಂಜಿನ್, 460 ಅಶ್ವಶಕ್ತಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೆ. ಅಷ್ಟು ಶಕ್ತಿ ಸಾಲದೆ ಗಾಳಿ ಎಳೆಯುವ ದೊಡ್ಡ ಇನ್‌ಟೇಕ್ ಒಂದನ್ನು ಗುರುವಾರ ರಾತ್ರಿಯೇ ಕೂರಿಸಿದ್ದೆ. ಶನಿವಾರ ಎಕ್ಸಾಸ್ಟ್‌ನ, ಎಂದರೆ ಆ ಹೊಗೆ ಕೊಳವೆಗಳ ಸರದಿ. ಯಾರೋ ಬಳಸಿ ಮಾರಿದ ಕ್ಯಾಟ್-ಬ್ಯಾಕ್ ಅದು. ಎಂದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಹಿಂದಕ್ಕಿರುವ ಭಾಗ. ಕ್ಯಾಲಿಫೋರ್ನಿಯಾದಲ್ಲಿ ಸದ್ದು 95 ಡೆಸಿಬಲ್ ದಾಟದಿದ್ದರೆ ಅಲ್ಲಿಂದ ಹಿಂದಕ್ಕೆ ನಮ್ಮ ಆಟ ನಡೆಯುತ್ತದೆ. ಕನ್ವರ್ಟರನ್ನು ಮುಟ್ಟಿದರೆ ಕಾನೂನು ಸುಮ್ಮನಿರುವುದಿಲ್ಲ.

ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೆಳಗೆ ತೂರಿದೆ. ಸೈಲೆನ್ಸರನ್ನು ಹಿಡಿದಿರುವ ರಬ್ಬರ್ ಉಂಗುರಗಳು ಜಪ್ಪಯ್ಯ ಎಂದರೂ ಜಾರಲಿಲ್ಲ. ಅಪ್ಪ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ ತಂದರು. ಬೆರಳಿನಿಂದ ರಬ್ಬರಿನ ತೂತಿಗೆ ಸವರಿ ಎರಡು ಸಲ ತಿರುಚಿದರು. ಉಂಗುರ ಬೆಣ್ಣೆಯ ಹಾಗೆ ಜಾರಿತು.

ಹಳೆಯದು ಇಳಿಯಿತು, ಹೊಸದು ಏರಿತು. ಆಮೇಲೆ ನೋಡಿದರೆ ಹಿಂದಿನ ಬಂಪರಿನಲ್ಲಿ ನಾಲ್ಕು ಕೊಳವೆಗಳಿಗೆ ಜಾಗ, ನಾನು ತಂದದ್ದಕ್ಕೆ ಎರಡೇ ಬಾಯಿ. ಅಪ್ಪ ಟಾರ್ಚ್ ಹಿಡಿದು ರಟ್ಟಿನ ಮೇಲೆ ಮಲಗಿದರು. "ಇಲ್ಲೊಂದು ವಯರ್ ನೇತಾಡುತ್ತಿದೆ, ಇದು ಎಲ್ಲಿಗೆ?" ಎಂದರು. ಅದು ಹಳೆಯ ಸೈಲೆನ್ಸರಿನಲ್ಲಿ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಕವಾಟವನ್ನು ತಿರುಗಿಸುವ ಮೋಟಾರಿಗೆ ಹೋಗುವ ವಯರ್. ಹೊಸದರಲ್ಲಿ ಕವಾಟವೂ ಇಲ್ಲ, ಮೋಟಾರೂ ಇಲ್ಲ.

"ಯಾವ ಮಾಡೆಲಿನದು ಇದು?"

ನಾನು ಕೇಳಿರಲೇ ಇಲ್ಲ. ಜಾಹೀರಾತಿನಲ್ಲಿ 'ಮಸ್ಟ್ಯಾಂಗ್ ಜಿಟಿ 5.0' ಎಂದಿತ್ತು, ಅದೇನೂ ಸುಳ್ಳಲ್ಲ. ಆದರೆ ಅದು 2016ರದ್ದು. 2018ರಲ್ಲಿ ಫೋರ್ಡ್ ಈ ಕಾರಿನ ಹಿಂಭಾಗವನ್ನೇ ಬದಲಿಸಿತು, ಬೇಕೆಂದವರಿಗೆ ಕವಾಟದ ಎಕ್ಸಾಸ್ಟನ್ನೂ ಕೊಟ್ಟಿತು. ಇನ್ನೊಂದು ತಮಾಷೆ ಆಮೇಲೆ ತಿಳಿಯಿತು. ಆ ಕಂಪನಿಯ ಎಂಜಿನಿಯರೊಬ್ಬರ ಕಾರಿನ ಆರ್ಭಟ ತಾಳಲಾರದೆ ನೆರೆಯವರು ಪೊಲೀಸರನ್ನೇ ಕರೆದಿದ್ದರಂತೆ. ಕವಾಟ ಮುಚ್ಚಿಕೊಂಡು ಮೆಲ್ಲಗೆ ಸ್ಟಾರ್ಟ್ ಆಗುವ ವ್ಯವಸ್ಥೆ ಹುಟ್ಟಿದ್ದು ಆ ಪ್ರಸಂಗದಿಂದ. ನಮ್ಮ ಪಕ್ಕದ ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ನಾನು ಕಿತ್ತುಹಾಕಲು ಹೊರಟದ್ದು ಆ ಕವಾಟವನ್ನೇ.

ಹಳೆಯದನ್ನೇ ಮತ್ತೆ ಕಟ್ಟಿದೆವು. ಕಾರನ್ನು ಒಂದು ಸುತ್ತು ಓಡಿಸಿ ತರುವಷ್ಟರಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಿತು. ಸ್ಕ್ಯಾನರ್ ಸಿಕ್ಕಿಸಿದರೆ ಪಿ0171, ಪಿ0174 ಎಂಬ ದೋಷ ಸಂಕೇತಗಳು. ಎಂಜಿನ್ನಿನ ಎರಡೂ ಪಕ್ಕದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಇದು ಗುರುವಾರದ ಇನ್‌ಟೇಕಿನ ಪ್ರತಾಪ. ಒಳಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಕೂರುವ ಕೊಳವೆ ಇಷ್ಟೇ ಅಗಲ ಎಂದು ಕಂಪ್ಯೂಟರ್ ನಂಬಿರುತ್ತದೆ. ಕೊಳವೆ ಅಗಲವಾದರೆ ಸೆನ್ಸರಿನ ಮುಂದೆ ಗಾಳಿಯ ವೇಗ ತಗ್ಗುತ್ತದೆ. ಗಾಳಿಯೇ ಕಡಿಮೆಯಾಯಿತೆಂದು ತಿಳಿದು ಕಂಪ್ಯೂಟರ್ ಪೆಟ್ರೋಲ್ ಕಡಿತ ಮಾಡುತ್ತದೆ. ದೊಡ್ಡ ಸೇರಿನಲ್ಲಿ ಅಳೆದು ಸಣ್ಣ ಸೇರಿನ ಲೆಕ್ಕ ಬರೆದ ಹಾಗೆ.

ಸರಿಪಡಿಸಲು ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಬೇಕು, ಅದಕ್ಕೆ ಟ್ಯೂನ್ ಎನ್ನುತ್ತಾರೆ. ಇನ್‌ಟೇಕಿನೊಂದಿಗೆ ಟ್ಯೂನ್ ಬಂದಿತ್ತು ಕೂಡ, ಆದರೆ 93 ಆಕ್ಟೇನ್ ಪೆಟ್ರೋಲಿಗೆ. ಆಕ್ಟೇನ್ ಹೆಚ್ಚಿದಷ್ಟೂ ಪೆಟ್ರೋಲ್ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳುವುದು ಕಡಿಮೆ. ನಮ್ಮ ಬೀದಿಯ ಬಂಕಿನಲ್ಲಿ ಸಿಗುವ ಪ್ರೀಮಿಯಂ 91. ಈ ಎಂಜಿನ್ನಿನ ಕಂಪ್ರೆಷನ್, ಎಂದರೆ ಒಳಗಿನ ಗಾಳಿಯನ್ನು ಹಿಂಡುವ ಪ್ರಮಾಣ, ಮೊದಲೇ 12ಕ್ಕೆ 1. ಕಡಿಮೆ ಆಕ್ಟೇನಿನಲ್ಲಿ ಆ ಟ್ಯೂನ್ ಹಾಕಿದರೆ ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಕುಟ್ಟಲು ಶುರು. ಸಾಲದ್ದಕ್ಕೆ ರಾಜ್ಯದ ವಾಯು ಮಂಡಳಿಯ ಒಪ್ಪಿಗೆ ಸಂಖ್ಯೆಯೂ ಆ ಇನ್‌ಟೇಕಿನ ಮೇಲೆ ಇರಲಿಲ್ಲ. ಸಂಜೆಯೊಳಗೆ ಅದನ್ನೂ ಬಿಚ್ಚಿದೆ. ಮುಂದೆ ಲಾಂಗ್ ಟ್ಯೂಬ್ ಹೆಡರ್, ಎಂದರೆ ಎಂಜಿನ್ನಿನಿಂದ ಹೊಗೆ ಹೊರತರುವ ಉದ್ದ ಕೊಳವೆಗಳು, ಹಾಕುವ ಆಸೆಯಿತ್ತು. ಅದು ಕನ್ವರ್ಟರಿನ ಜಾಗವನ್ನೇ ಕದಲಿಸುತ್ತದೆ, ಸೈಲೆನ್ಸರಿಗೆ ಸೇರುವ ಕೊಳವೆಯ ಅಳತೆಯನ್ನೂ ಕೆಡಿಸುತ್ತದೆ. ಆ ಪಟ್ಟಿಯನ್ನೇ ಹರಿದು ಹಾಕಿದೆ.

ಕೈ ತೊಳೆಯುತ್ತಾ ಅಪ್ಪ, "ನಮ್ಮ ಡಿಪೋದಲ್ಲಿ ನಾವು ಪಾರ್ಟ್ ನಂಬರ್ ಬರೆದುಕೊಡದೆ ಸ್ಟೋರ್ಸಿನವನು ನಟ್ಟನ್ನೂ ಕೊಡುತ್ತಿರಲಿಲ್ಲ. ಅವನನ್ನು ದಿನಾ ಬೈಯುತ್ತಿದ್ದೆವು" ಎಂದು ನಕ್ಕರು.

ಆ ಕೊಳವೆಗಳನ್ನು ಮುಂದಿನ ವಾರವೇ ಮಾರಾಟಕ್ಕಿಟ್ಟೆ. ಜಾಹೀರಾತಿನ ಮೊದಲ ಸಾಲು: '2015ರಿಂದ 2017ರ ಜಿಟಿಗೆ ಮಾತ್ರ. 2018ಕ್ಕೆ ಕೂರುವುದಿಲ್ಲ, ಕೂರಿಸಿ ನೋಡಿದ್ದೇನೆ.'