ಗಡಿಗೆ ಕೆಲಸ ಎಲ್ಲಿಗೆ ಬಂತು: ಹರವಿ, ಅಡಕಲು, ಘಟ, ಐರಣಿ

ಬೇಸಿಗೆಯಲ್ಲಿ ಹಿಡಿದ ಕೆಲಸ ಈಗ ಒಂದು ಹದಕ್ಕೆ ಬಂದಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಹೊಸಬರಿಗೆ ಒಂದು ಮಾತು: ಧಾರವಾಡ, ಹಾವೇರಿ ಕಡೆಯ ಮನೆಗಳಲ್ಲಿ ಯಾವ ಯಾವ ಕೆಲಸಕ್ಕೆ ಮಣ್ಣಿನ ಗಡಿಗೆ ಬಳಸುತ್ತಿದ್ದರೋ ಅವನ್ನೆಲ್ಲ ಒಂದೊಂದಾಗಿ ತಂದು, ಶೋಕೇಸಿನಲ್ಲಿ ಇಡದೆ, ಅದೇ ಕೆಲಸಕ್ಕೆ ಹಚ್ಚುವುದು. ಮದುವೆ, ಹಬ್ಬ, ಸಾವಿನ ಗಡಿಗೆಗಳನ್ನು ಹಾಗೆ ಮನೆಗೆ ತರಲು ಬರುವುದಿಲ್ಲವಲ್ಲ, ಅವನ್ನು ನೋಡಿ, ಕೇಳಿ ಬರೆದುಕೊಳ್ಳುವುದು.

ಮೊದಲು ಬಂದದ್ದು ನೀರಿನ ಹರವಿ. ಪಡಸಾಲೆಯಲ್ಲಿ ಗಾಳಿ ಆಡುವ ಕಡೆ, ಮರಳಿನ ಮೇಲೆ ಕೂರಿಸಿದೆ. ನೀರು ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ಹೊರಗೆ ಜಿನುಗುತ್ತದೆ, ಗಾಳಿಗೆ ಆರುವಾಗ ಒಳಗಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಅಷ್ಟೇ. ಅದಕ್ಕೇ ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಹರವಿ ನೀರು ಆಗುವಷ್ಟು ತಣ್ಣಗೆ ಮಂಗಳೂರಿನ ಸೆಖೆಯಲ್ಲಿ ಆಗುವುದಿಲ್ಲ, ಅಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ. ವರ್ಷ ಕಳೆದಂತೆ ನೀರಿನ ಉಪ್ಪು ಕಟ್ಟಿಕೊಂಡು ರಂಧ್ರ ಮುಚ್ಚುತ್ತವೆ. ಬೇಸಿಗೆ ಬಂತೆಂದರೆ ಹೊಸ ಹರವಿ ತರುತ್ತಿದ್ದದ್ದು ಇದೇ ಕಾರಣಕ್ಕೆ. ಹಳೆಯದನ್ನು ಹಾಗಂತ ಒಗೆಯುತ್ತಿರಲಿಲ್ಲ, ಜಿನುಗುವುದು ನಿಂತ ಗಡಿಗೆ ಕಾಳು ತುಂಬಲು ಬರುತ್ತದೆ. ಸೀಳು ಬಿಟ್ಟರೆ ಕೋಳಿ ಕಾವಿಗೆ. ಪೂರಾ ಒಡೆದರೆ ಆ ಚೂರು, ಅಂದರೆ ಬೋಕಿ, ಮಕ್ಕಳ ಪಾಲು, ಕುಂಟೆಬಿಲ್ಲೆಗೆ ಅದರಷ್ಟು ಒಳ್ಳೆಯ ಬಿಲ್ಲೆ ಬೇರೆ ಯಾವುದಿದೆ?

ಅಡಿಗೆಯ ಗಡಿಗೆ ತರಲು ಹೋದಾಗ ಕುಂಬಾರ ಓಣಿಯ ಅಜ್ಜಾರ ಹತ್ತಿರ ಮಧ್ಯಾಹ್ನವೆಲ್ಲ ಕೂತೆ. ತಿಗರಿಯ (ಕುಂಬಾರರ ಚಕ್ರದ) ಮೇಲೆ ಗಡಿಗೆ ಪೂರ್ತಿ ಆಗಿಬಿಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಆಗುವುದು ಬಾಯಿ ಮತ್ತು ಕುತ್ತಿಗೆ ಮಾತ್ರ. ಕೆಳಗಿನ ಮೈ ದಪ್ಪಗೆ, ಗಿಡ್ಡಗೆ ಇರುತ್ತದೆ. ಅದು ಅರೆ ಒಣಗಿದ ಮೇಲೆ ಅಜ್ಜಾರು ತೊಡೆಯ ಮೇಲೆ ಇಟ್ಟುಕೊಂಡು, ಎಡಗೈಯಲ್ಲಿ ಒಳಗಿನಿಂದ ಒಂದು ದುಂಡು ಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಿರುಗಿಸುತ್ತಾರೆ. ಅಂಟಬಾರದು ಅಂತ ಆಗಾಗ ಬೂದಿ. ತಟ್ಟಿದ ಹಾಗೆಲ್ಲ ಮೈ ತೆಳ್ಳಗಾಗುತ್ತಾ ಹೊಟ್ಟೆ ಉಬ್ಬುತ್ತದೆ, ತಳ ದುಂಡಗೆ ಕೂಡಿಕೊಳ್ಳುತ್ತದೆ. ಸದ್ದು ಬದಲಾಗುವುದು ನನಗೇ ಕೇಳಿಸುತ್ತಿತ್ತು, ಮೊದಲು ಮಂದವಾಗಿ, ಆಮೇಲೆ ತುಸು ಬಿಗಿಯಾಗಿ. ಅಜ್ಜಾರು ಕಣ್ಣು ಬೇರೆ ಕಡೆ ಇಟ್ಟುಕೊಂಡೇ ತಟ್ಟುತ್ತಿದ್ದರು. ಬೀದರ್ ಕಡೆಯ ಶರಣ ಕುಂಬಾರ ಗುಂಡಯ್ಯ ಗಡಿಗೆ ತಟ್ಟಿದ ಸದ್ದಿಗೆ ಶಿವನೇ ಕುಣಿದ ಅನ್ನುವ ಕಥೆ ಯಾಕೆ ಹುಟ್ಟಿತು ಅಂತ ಅವತ್ತು ಅರ್ಥವಾಯಿತು.

ದುಂಡು ತಳ ಯಾಕೆ ಅಂತ ಕೇಳಿದ್ದಕ್ಕೆ, "ಮೂಲಿ ಇದ್ದಲ್ಲೇ ಸೀಳತೈತಿ, ದುಂಡಗಿದ್ರ ಉರಿ ಎಲ್ಲಾ ಕಡೆ ಹಬ್ಬತೈತಿ" ಅಂದರು. ಮೂರು ಕಲ್ಲಿನ ಒಲೆಗೆ ಹೇಳಿ ಮಾಡಿಸಿದ ಆಕಾರ ಅದು. ಗ್ಯಾಸಿನ ಮೇಲೆ ಸುಮ್ನೆ ಇಟ್ಟರೆ ನಿಲ್ಲುವುದಿಲ್ಲ, ಕಬ್ಬಿಣದ ರಿಂಗ್ ಬೇಕು. ತಂದ ಗಡಿಗೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿಸಿ, ಆರಿಸಿ, ಎಣ್ಣೆ ಸವರಿ, ಅಕ್ಕಿ ತೊಳೆದ ನೀರನ್ನು ಸಣ್ಣ ಉರಿಯಲ್ಲಿ ಕುದಿಸಿ ಪಳಗಿಸಿದೆ. ಗಂಜಿ ಒಳಗಿನ ರಂಧ್ರಗಳಲ್ಲಿ ಕೂತು ಸೋರುವುದನ್ನು ನಿಲ್ಲಿಸುತ್ತದೆ. ಸೋಪು ಮುಟ್ಟಿಸಬಾರದು, ಮಣ್ಣು ಕುಡಿದುಬಿಡುತ್ತದೆ. ಬೂದಿ, ತೆಂಗಿನ ನಾರು ಸಾಕು. ಈಗ ಬದನೆಕಾಯಿ ಪಲ್ಯ, ಹುಣಸೆ ಹುಳಿಯ ಸಾರು ಎಲ್ಲ ಅದರಲ್ಲೇ. ಹಾಲಿಗೆ ಬೇರೆಯೇ ಗಡಿಗೆ. ಸಗಣಿ ಕುಳ್ಳಿನ ಸಣ್ಣ ಬೆಂಕಿಯ ಮೇಲೆ ಬೆಳಗಿನಿಂದ ಸಂಜೆತನಕ ಕಾದು ಕೆಂಪಗಾಗುವ ಆ ಕೆನೆ ತಿಂದವರಿಗೇ ಗೊತ್ತು. ಮೊಸರಿನ ಕುಡಿಕೆ ಹೆಚ್ಚಿನ ನೀರನ್ನು ತಾನೇ ಹೀರುತ್ತದೆ, ಮೊಸರು ಗಟ್ಟಿಯಾಗಿ ನಿಲ್ಲುತ್ತದೆ.

ಕಾಳಿನ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸುವ ಅಡಕಲು ಪೂರ್ತಿಯಾಗಿದೆ. ಕೆಳಗೆ ದೊಡ್ಡದು, ಮೇಲೆ ಮೇಲೆ ಚಿಕ್ಕದು, ಒಂದರ ತಳವೇ ಇನ್ನೊಂದರ ಮುಚ್ಚಳ. ಬೀಜದ ಜೋಳ, ಅವರೆ, ತೊಗರಿಯನ್ನು ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ತುಂಬಿದೆ. ಎಲ್ಲಕ್ಕಿಂತ ಮೇಲಿನದರ ಬಾಯನ್ನು ಮಣ್ಣು, ಸಗಣಿ ಕಲಸಿ ಮೆತ್ತಿದ್ದೇನೆ.

ಹಿತ್ತಿಲಲ್ಲಿ ಇನ್ನೊಂದು ಕೆಲಸ ನಡೆದಿದೆ. ಮಲ್ಲಿಗೆ ಗಿಡದ ಪಕ್ಕ ಒಂದು ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಸಿದ್ದೇನೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಜಾಸ್ತಿ ಎಳೆದುಕೊಳ್ಳುತ್ತದೆ, ತೇವ ಇದ್ದರೆ ಕಡಿಮೆ. ಮೇಲೆ ಒಂದು ಮುಚ್ಚಳ, ಸೊಳ್ಳೆ ಮೊಟ್ಟೆ ಇಡಬಾರದಲ್ಲ. ಇದನ್ನು ನೋಡುತ್ತಿದ್ದಾಗಲೇ ಮಹಾನವಮಿಯ ಘಟ ನೆನಪಾದದ್ದು. ನವರಾತ್ರಿಯ ಮೊದಲ ದಿನ ದೇವರ ಮುಂದೆ ಮಣ್ಣು ಹರಡಿ, ನಡುವೆ ನೀರಿನ ಗಡಿಗೆ ಇಟ್ಟು, ಸುತ್ತ ಕಾಳು ಬಿತ್ತುತ್ತಾರೆ. ಗಡಿಗೆಯಿಂದ ಜಿನುಗುವ ತೇವಕ್ಕೇ ಸಸಿ ಏಳುತ್ತದೆ, ಬಿಸಿಲು ಕಾಣದೆ ಹಳದಿಯಾಗಿ, ಎತ್ತರಕ್ಕೆ. ದಸರೆ ದಿನ ಆ ಸಸಿಯನ್ನು ಹಿರಿಯರು ತಲೆಯ ಪಟಗಕ್ಕೆ (ರುಮಾಲಿಗೆ) ಸಿಕ್ಕಿಸಿಕೊಳ್ಳುತ್ತಿದ್ದರು. ಹಿತ್ತಿಲಿನಲ್ಲಿ ನೀರಾವರಿ, ದೇವರ ಕೋಣೆಯಲ್ಲಿ ಪೂಜೆ, ಗಡಿಗೆ ಮಾಡುವ ಕೆಲಸ ಒಂದೇ. ಇಲ್ಲಿ ತಾಮ್ರದ ಕೊಡ ಇಟ್ಟರೆ ನಡೆಯುವುದಿಲ್ಲ. ನೀರನ್ನು ಮೇಲಿಂದ ಹಾಕಬೇಕಾಗುತ್ತದೆ, ಘಟ ಹೆಸರಿಗಷ್ಟೇ ಉಳಿಯುತ್ತದೆ.

ಶಾಸ್ತ್ರದ ಗಡಿಗೆಗಳ ಬಗ್ಗೆ ಬರೆದುಕೊಂಡದ್ದು ಇನ್ನೂ ಬೆಳೆಯುತ್ತಿದೆ. ಮದುವೆಯ ಐರಣಿ ತರುವುದನ್ನು ಈ ಸಲ ಹತ್ತಿರದಿಂದ ನೋಡಿದೆ. ಮುತ್ತೈದೆಯರು ಬಾಜಾದೊಂದಿಗೆ ಕುಂಬಾರರ ಮನೆಗೆ ಹೋಗಿ, ಪೂಜೆ ಮಾಡಿ, ಕಾಣಿಕೆ ಕೊಟ್ಟು, ಬಣ್ಣ ಬಳಿದ ಗಡಿಗೆಗಳನ್ನು ಮದುವೆ ಮನೆಗೆ ಹೊತ್ತು ತಂದರು. ಕೊಂಡು ತರುವುದಲ್ಲ, ಬರಮಾಡಿಕೊಳ್ಳುವುದು. ಹಳೇ ಮೈಸೂರು ಕಡೆ ಇದೇ ಶಾಸ್ತ್ರಕ್ಕೆ ಅರಿವೇಣಿ ಅನ್ನುತ್ತಾರೆ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು, ಮೊಸರು ಕುಡಿಕೆ ಒಡೆಯಲೆಂದೇ ಕಟ್ಟುತ್ತಾರೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ ಬಿಗಿದು ಗುಮಟೆ ಬಾರಿಸುತ್ತಾರೆ. ಇನ್ನು ಸಾವು. ಸುಡುವ ಪದ್ಧತಿಯವರಲ್ಲಿ ಒಂದು ಗಡಿಗೆಯಲ್ಲಿ ಬೆಂಕಿ ಮುಂದೆ ಹೋಗುತ್ತದೆ, ಇನ್ನೊಂದರಲ್ಲಿ ನೀರು. ಮಗ ನೀರಿನ ಗಡಿಗೆ ಹೆಗಲ ಮೇಲೆ ಹೊತ್ತು ಚಿತೆಯನ್ನು ಸುತ್ತುತ್ತಾನೆ, ಸುತ್ತಿಗೊಂದು ತೂತು ಮಾಡುತ್ತಾರೆ, ಕೊನೆಗೆ ಹಿಂದಕ್ಕೆ ಬಿಟ್ಟು, ತಿರುಗಿ ನೋಡದೆ ಹೋಗುತ್ತಾನೆ. ಇದನ್ನು ಹೇಳಿಕೊಟ್ಟ ಹಿರಿಯರು ಹೇಳುತ್ತಾ ಹೇಳುತ್ತಾ ಸುಮ್ಮನಾದರು, ನಾನೂ ಮುಂದೆ ಕೇಳಲಿಲ್ಲ.

ಇಷ್ಟು ನೋಡಿದ ಮೇಲೆ ಒಂದು ಸಂಗತಿ ಗಟ್ಟಿಯಾಗಿ ಅನ್ನಿಸುತ್ತದೆ. ಅಡಿಗೆಮನೆಗೆ ಗಡಿಗೆ ಹಳೆಯದಾದಷ್ಟೂ ಒಳ್ಳೆಯದು, ಶಾಸ್ತ್ರಕ್ಕೆ ಹೊಸದೇ ಆಗಬೇಕು, ಒಂದೇ ಸಲಕ್ಕೆ ಮುಗಿಯಬೇಕು. ಸ್ಟೀಲು, ಅಲ್ಯೂಮಿನಿಯಂ, ಫ್ರಿಜ್ ಬಂದು ಮನೆಯ ಗಡಿಗೆಗಳನ್ನೆಲ್ಲ ಹೊರಗೆ ಹಾಕಿದ ಮೇಲೂ ನಮ್ಮೂರಲ್ಲಿ ಗಡಿಗೆ ಸುಡುವ ಆವಿಗೆ ಹೊಗೆಯಾಡುತ್ತಿರುವುದು ಹಣತೆ, ಘಟ, ಐರಣಿಗಳಿಂದ. ಆದರೆ ಹಬ್ಬಕ್ಕೊಮ್ಮೆ ಬರುವ ಗಿರಾಕಿಯಿಂದ ಒಂದು ಮನೆ ವರ್ಷವಿಡೀ ನಡೆಯುವುದು ಕಷ್ಟ. ಗಡಿಗೆ ಬೇಕೆನ್ನುವವರು ದೀಪಾವಳಿಗೆ ಹಣತೆ ತಂದು ಸುಮ್ಮನಾಗಬಾರದು, ಬೇಸಿಗೆಗೊಂದು ಹರವಿ, ಅಡಿಗೆಗೊಂದು ಗಡಿಗೆ ಕೊಳ್ಳಬೇಕು, ಚೌಕಾಸಿ ಮಾಡದೆ. ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ. ಸರಿಯಾಗಿ ಬೆಂದದ್ದು ಟಣ್ ಅನ್ನುತ್ತದೆ, ಸೀಳಿದ್ದು ಬದ್ ಅನ್ನುತ್ತದೆ.

ಮುಂದಿನ ಕೆಲಸ ಎರಡು. ಮಳೆ ನಿಂತು ಆವಿಗೆ ಹಾಕುವಾಗ ಅಜ್ಜಾರು ಬರಲು ಹೇಳಿದ್ದಾರೆ. ಗಾಳಿ ಆಡಿದರೆ ಗಡಿಗೆ ಕೆಂಪು, ಗಾಳಿ ತಡೆದು ಹೊಗೆ ಕೂಡಿಸಿದರೆ ಕಪ್ಪು, ಅದನ್ನು ಹೇಗೆ ಮುಚ್ಚುತ್ತಾರೆ ಅಂತ ಅಲ್ಲೇ ನಿಂತು ನೋಡಬೇಕು. ಎರಡನೆಯದು ಅಡಕಲಿನ ಬೀಜ. ಅದೇ ಅವರೆ, ಅದೇ ಜೋಳವನ್ನು ಸ್ವಲ್ಪ ಪ್ಲಾಸ್ಟಿಕ್ ಡಬ್ಬಿಯಲ್ಲೂ ಹಾಕಿಟ್ಟಿದ್ದೇನೆ. ಮೃಗಶಿರಾ ಮಳೆ ಹೊತ್ತಿಗೆ ಎರಡರದ್ದೂ ಬಾಯಿ ಬಿಚ್ಚಿ, ನೂರು ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಯಾವುದರಲ್ಲಿ ಎಷ್ಟು ಮೊಳಕೆ, ಎಷ್ಟು ಹುಳ ಅಂತ ಎಣಿಸಿ ಇಲ್ಲಿ ಹಾಕುತ್ತೇನೆ.